ಕರಿಗರುಡ ಮತ್ತು ಹಾಲಿನ ನಾರಾಯಣಮ್ಮ

ಒಣಗಿದ ಬೇವಿನೆಲೆ ಉದುರಿಸಿ, ಹೊಸ ಎಲೆ ಇಟ್ಟು, ಮತ್ತೆ ನ್ಯೂಸ್ ಪೇಪರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಪಕ್ಕಕ್ಕಿಡುತ್ತಾ ಭಾರ್ಗವಿ ಟ್ರಂಕಿನ ಅರ್ಧ ತಳ ಕಂಡಿದ್ದಳು. ಇನ್ನರ್ಧ ಬಾಕಿ ಇತ್ತು. ಟ್ರಂಕಿನಲ್ಲಿದ್ದದ್ದು ಒಡವೆಯಲ್ಲ, ರೇಷ್ಮೆ ಸೀರೆಯಲ್ಲ, ಗಂಡ ಚಂದ್ರಶೇಖರ್ ಎಂಟನೇ ಕ್ಲಾಸಿನಿಂದ ಕೂಡಿಟ್ಟ ಕಾಮಿಕ್ಸ್ ಪುಸ್ತಕಗಳು. ಚಿನ್ನದ ಗಣಿಯ ತ್ಯಾಜ್ಯ ಸುರಿದು ಎದ್ದ ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಬೀಸಿತೆಂದರೆ ಕ್ವಾರ್ಟರ್ಸಿನ ಮನೆಮನೆಯಲ್ಲೂ ಬೂದಿಯಂಥ ನಯವಾದ ಧೂಳು ಕೂರುತ್ತದೆ. ಅನ್ನದ ತಟ್ಟೆಯ ಮೇಲೆ ಕೂತರೆ ಚಂದ್ರಶೇಖರ್ ಒರೆಸಿಕೊಂಡು ಉಣ್ಣುತ್ತಿದ್ದ. ಕಾಮಿಕ್ಸಿನ ಮೇಲೆ ಕೂತರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಮೂರು ತಿಂಗಳಿಗೊಮ್ಮೆ ಭಾನುವಾರ ಈ ಸೇವೆ.

ಟ್ರಂಕಿನೊಳಗಿನ ಮಹಾಪುರುಷರಲ್ಲಿ ಮುಖ್ಯನಾದವನು ಪತ್ತೇದಾರ ಕರಿಗರುಡ. ಹಗಲು ಬ್ಯಾಂಕಿನಲ್ಲಿ ಗುಮಾಸ್ತ, ಕತ್ತಲಾದ ಮೇಲೆ ಕಪ್ಪು ಮುಖವಾಡ, ಕಪ್ಪು ರೆಕ್ಕೆ. ಓಡುವ ರೈಲನ್ನು ಒಂದು ಕೈಯಲ್ಲಿ ನಿಲ್ಲಿಸುತ್ತಾನೆ. ಸಿಗರೇಟಿನ ಬೂದಿ ನೋಡಿ ಸೇದಿದವನ ಹುಟ್ಟೂರು ಹೇಳುತ್ತಾನೆ. ನುಸಿಹುಳ ಮಾತ್ರ ಅವನ ಕೈಮೀರಿದ ವಿಷಯ. ಅದು ಭಾರ್ಗವಿಯ ಇಲಾಖೆ.

ಮೂಲೆಯಲ್ಲಿದ್ದ ಇನ್ನೊಂದು ಸುರುಳಿ ಬಿಚ್ಚಿದಳು. ಪೇಪರು. ಅದರೊಳಗೆ ಪೇಪರು. ಅದರೊಳಗೂ ಪೇಪರು. ಕೊನೆಗೆ ಕ್ರೀಡಾಪುಟ ಬಂದು ಮುಗಿಯಿತು.

"ರೀ, ಇಲ್ಲಿ ಬನ್ನಿ. ಇದರೊಳಗೆ ಪುಸ್ತಕ ಇಲ್ಲ."

ಚಂದ್ರಶೇಖರ್ ಮುಖಕ್ಕೆ ಸೋಪು ಹಚ್ಚಿಕೊಂಡೇ ಬಂದ. ಟ್ರಂಕಿನ ಆ ಮೂಲೆ ನೋಡಿದ. ಸೋಪಿನ ಕೆಳಗೆ ಮುಖ ಬಿಳಿಚಿದ್ದು ಕಾಣುವಂತಿರಲಿಲ್ಲ.

"ಎಲ್ಲಿಟ್ಟೆ?"

ಆ ಮನೆಯಲ್ಲಿ ಏನೇ ಕಾಣೆಯಾಗಲಿ, ಎಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲಿಟ್ಟೆ ಎಂದೇ ಕೇಳುವುದು. ಮದುವೆಯಾದಾಗಿನಿಂದ ಭಾರ್ಗವಿ ಕತ್ತರಿ, ಟಾರ್ಚು, ಸ್ಕೂಟರಿನ ಕೀಲಿ, ಒಂದು ಸಲ ಅವನ ಕನ್ನಡಕವನ್ನೂ ಎಲ್ಲೋ ಇಟ್ಟಿದ್ದಳು. ಕನ್ನಡಕ ಅವನ ತಲೆಯ ಮೇಲೆಯೇ ಇತ್ತು. ಅಲ್ಲಿ ಇಟ್ಟವಳೂ ಅವಳೇ ಎಂಬಂತೆ ಅವನು ನೋಡಿದ್ದ.

"ನಾನು ಈಗ ತಾನೇ ಬಿಚ್ಚಿದ್ದು. ಹೀಗೇ ಇತ್ತು."

"ಅದು ಯಾವ ಪುಸ್ತಕ ಗೊತ್ತಾ ನಿನಗೆ?"

ಗೊತ್ತಿತ್ತು. ಗೊತ್ತಿಲ್ಲದೆ ಇರಲು ಅವನು ಬಿಟ್ಟಿದ್ದರೆ ತಾನೆ? 'ಕರಿಗರುಡನ ಕೈಗೆ ಕೋಳ'. ನಗರದ ಮ್ಯೂಸಿಯಮ್ಮಿನಿಂದ ಪಚ್ಚೆಯ ನವಿಲು ಕಳುವಾಗುತ್ತದೆ. ಅಪವಾದ ಕರಿಗರುಡನ ಮೇಲೆ ಬರುತ್ತದೆ. ನಿನ್ನೆವರೆಗೆ ಜೈಕಾರ ಹಾಕಿದ ಊರು ಇವತ್ತು ಕಲ್ಲು ಎಸೆಯುತ್ತದೆ. ಎರಡು ಗ್ಲಾಸು ಮಜ್ಜಿಗೆ ಹೆಚ್ಚಾಗಿ ಕುಡಿದ ದಿನ ಚಂದ್ರಶೇಖರ್ ಈ ಕಥೆ ಹೇಳುತ್ತಾ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ. "ತಪ್ಪು ಮಾಡದವನ ಮೇಲೆ ತಪ್ಪು ಹೊರಿಸೋದಕ್ಕಿಂತ ದೊಡ್ಡ ಪಾಪ ಇಲ್ಲ ಕಣೇ," ಎನ್ನುತ್ತಿದ್ದ. ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಬಡ್ತಿ ತಪ್ಪಿದ ವರ್ಷ ಆ ಪುಸ್ತಕ ವಾರಕ್ಕೆರಡು ಸಲ ಹೊರಗೆ ಬಂದಿತ್ತು.

ಮುಖ ತೊಳೆದು ಬಂದವನೇ ತನಿಖೆಗೆ ಇಳಿದ. ಟ್ರಂಕಿನ ಬೀಗದ ಮೇಲೆ ಪಾಂಡ್ಸ್ ಪೌಡರ್ ಉದುರಿಸಿ ಊದಿದ. ಬೆರಳಚ್ಚು ಸಿಗಲಿಲ್ಲ, ಸೀನು ಬಂತು. ಆ ಖಾಲಿ ಪೇಪರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ 'ಸಾಕ್ಷ್ಯ' ಎಂದು ಮಾರ್ಕರಿನಲ್ಲಿ ಬರೆದು, ಟೀವಿಯ ಪಕ್ಕ ನಿಲ್ಲಿಸಿದ.

"ಕಳ್ಳ ಬುದ್ಧಿವಂತ. ಪುಸ್ತಕ ತೆಗೆದು, ಅನುಮಾನ ಬರಬಾರದು ಅಂತ ಅದೇ ಸೈಜಿಗೆ ಪೇಪರ್ ಮಡಚಿ ಇಟ್ಟು ಹೋಗಿದ್ದಾನೆ. ಈ ವಾರ ಮನೆಗೆ ಹೊರಗಿನವರು ಯಾರು ಬಂದಿದ್ದರು?"

"ಯಾರೂ ಇಲ್ಲ. ಗ್ಯಾಸಿನವನು ಬಾಗಿಲಲ್ಲೇ ಕೊಟ್ಟು ಹೋದ."

"ಸರಿಯಾಗಿ ಜ್ಞಾಪಿಸಿಕೋ."

ಅವನು ಭೂತಕನ್ನಡಿ ಹಿಡಿದೇ ನಿಂತಿದ್ದ. ಅದರ ಹಿಂದಿನಿಂದ ಅವನ ಒಂದು ಕಣ್ಣು ದೊಡ್ಡದಾಗಿ ಅವಳನ್ನೇ ನೋಡುತ್ತಿತ್ತು. ಭಾರ್ಗವಿ ಜ್ಞಾಪಿಸಿಕೊಂಡಳು.

"ಬುಧವಾರ ನಾರಾಯಣಮ್ಮ ಹಾಲು ಇಡೋಕೆ ಒಳಗೆ ಬಂದಿದ್ದರು. ನಾನು ಸ್ನಾನಕ್ಕೆ ಹೋಗಿದ್ದೆ."

ಆ ದೊಡ್ಡ ಕಣ್ಣು ಅವಳ ಮೇಲಿಂದ ಸರಿದು ಬಾಗಿಲ ಕಡೆ ಹೋಯಿತು. ಭಾರ್ಗವಿಗೆ ಮೊದಲು ಅನ್ನಿಸಿದ್ದು, ಅಬ್ಬ, ಎಂದು. ಮದುವೆಯಾದಾಗಿನಿಂದ ಮೊದಲ ಸಲ ಈ ಮನೆಯಲ್ಲಿ ಏನೋ ಕಳೆದಿತ್ತು ಮತ್ತು ಅದನ್ನು ಅವಳು ಎಲ್ಲೂ ಇಟ್ಟಿರಲಿಲ್ಲ. ಅಷ್ಟು ಹಗುರವಾದದ್ದು ಅವಳಿಗೇ ನಾಚಿಕೆ ತಂದಿತು, ಆದರೆ ಹಗುರವಂತೂ ಆಯಿತು.

ನಾರಾಯಣಮ್ಮ ಕ್ಯಾಸಂಬಳ್ಳಿಯವಳು. ದಿನಾ ಬೆಳಕು ಹರಿಯುವ ಮೊದಲು ಮಗ ಬೈರೇಶನ ಬೈಕಿನ ಎರಡೂ ಪಕ್ಕ ಕ್ಯಾನು ತೂಗುಹಾಕಿಕೊಂಡು ಬಂದು ಕ್ವಾರ್ಟರ್ಸಿನ ಗೇಟಿನ ಹತ್ತಿರ ಇಳಿಯುತ್ತಿದ್ದಳು. ಕಾಲೋನಿಯ ಹೆಂಗಸರು ಪಾತ್ರೆ ಹಿಡಿದು ಅಲ್ಲಿಗೇ ಹೋಗುವುದು ವಾಡಿಕೆ. ಹೋಗಲಾಗದವರ ಮನೆಗೆ ಅವಳೇ ತಂದು ಬಾಗಿಲಲ್ಲಿ ಕೊಡುವಳು. ಒಂದು ಸಲ ಭಾರ್ಗವಿ ಕಾಮಿಕ್ಸ್‌ಗಳನ್ನು ಮಂಚದ ಮೇಲೆ ಹರಡಿಕೊಂಡಿದ್ದಾಗ ಹೊಸಿಲಲ್ಲಿ ನಿಂತು ಇಣುಕಿದ್ದಳು.

"ಇದ್ಯಾವ್ ದ್ಯಾವ್ರಮ್ಮಾ, ಮಕ ಮುಚ್ಕೊಂಡವ್ನೆ?"

"ದೇವರಲ್ಲ ನಾರಾಯಣಮ್ಮ. ಕಳ್ಳರನ್ನ ಹಿಡಿಯೋನು."

"ಕಳ್ರನ್ನ ಇಡ್ಯೋನು ಇವ್ನ್ಯಾಕಮ್ಮಾ ಮಕ ಮುಚ್ಕೊಂತಾನೆ? ಮುಚ್ಕೊಬೇಕಾದೋನು ಕಳ್ಳ ಅಲ್ವಾ!"

ಅದನ್ನು ಭಾರ್ಗವಿ ರಾತ್ರಿ ಊಟಕ್ಕೆ ಕೂತಾಗ ನಗುತ್ತಾ ಗಂಡನಿಗೆ ಹೇಳಿದ್ದಳು. ಗಂಡ ಆಗ ನಕ್ಕಿರಲಿಲ್ಲ. ಈಗ ಅದನ್ನೇ ಹೊರತೆಗೆದ. "ನೋಡಿದೆಯಾ? ಆಗಲೇ ಕಣ್ಣು ಹಾಕಿದ್ದಳು. ಇವತ್ತು ಈ ಸಂಚಿಕೆ ಹುಡುಕಿಕೊಂಡು ಬರೋ ಜನ ಇದ್ದಾರೆ. ಉದ್ದೇಶ, ಅವಕಾಶ, ಎರಡೂ ಇದೆ." ಕರಿಗರುಡ ಎಲ್ಲ ಸಂಚಿಕೆಯ ಎಂಟನೇ ಪುಟದಲ್ಲಿ ಹೇಳುತ್ತಿದ್ದದ್ದು ಅದೇ ಮಾತು.

ಮಧ್ಯಾಹ್ನದ ಹೊತ್ತಿಗೆ ಕಾಲೋನಿಯ ವಾಟ್ಸಾಪ್ ಗ್ರೂಪಿನಲ್ಲಿ ಸಂದೇಶ ಬಂತು. 'ಎಚ್ಚರಿಕೆ. ಹಾಲು ಕೊಡುವ ನೆಪದಲ್ಲಿ ಒಳಗೆ ಬಂದು ಬೆಲೆಬಾಳುವ ವಸ್ತು ಕದಿಯುವ ಪ್ರಕರಣ ನಮ್ಮ ಮನೆಯಲ್ಲಿ ನಡೆದಿದೆ.' ಹೆಸರು ಹಾಕಿರಲಿಲ್ಲ. ಚಂದ್ರಶೇಖರ್ ನ್ಯಾಯವಂತ. ಕಾಲೋನಿಗೆ ಹಾಲು ಕೊಡುತ್ತಿದ್ದವಳು ಒಬ್ಬಳೇ ಎಂಬುದು ಅವನ ತಪ್ಪಲ್ಲವಲ್ಲ.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಎಂದಿಗಿಂತ ಹೆಚ್ಚು ಜನ ಸೇರಿತ್ತು. ಪಾತ್ರೆ ತಂದವರು ಕಡಿಮೆ. ಕಾಲೋನಿ ಸಂಘದ ಕಾರ್ಯದರ್ಶಿ ಚಲಪತಿ ಟ್ರ್ಯಾಕ್‌ಸೂಟಿನಲ್ಲಿ ಮುಂದೆ ನಿಂತಿದ್ದರು. ಬೈರೇಶ ಕ್ಯಾನು ಇಳಿಸಿ ಅಂಗಡಿಗಳಿಗೆ ಹಾಲು ಕೊಡಲು ಹೊರಟುಹೋಗಿದ್ದ. ನಾರಾಯಣಮ್ಮ ಅಳತೆಯ ಲೋಟ ಕೈಯಲ್ಲಿ ಹಿಡಿದು, ಯಾರೂ ಪಾತ್ರೆ ಚಾಚದ್ದನ್ನು ನೋಡಿ, "ಏಮಮ್ಮಾ, ಇವತ್ತು ಎಲ್ರೂ ಒಪ್ಪತ್ತಾ?" ಎಂದು ನಕ್ಕಳು.

ಯಾರೂ ನಗಲಿಲ್ಲ. ಚಲಪತಿ ಗಂಟಲು ಸರಿಮಾಡಿಕೊಂಡು ವಿಷಯ ಹೇಳಿದರು. ಚಂದ್ರಶೇಖರ್ ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದ.

ನಾರಾಯಣಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಬುಕ್ಕಾ? ಬೊಂಬೆ ಬುಕ್ಕಾ?" ಎಂದಳು. "ನಂಗೆ ಬಸ್ಸಿನ್ ಬೋರ್ಡೇ ಓದಾಕ್ ಬರಲ್ಲ, ನಿಮ್ ಬುಕ್ ತಗಂಡೋಗಿ ಏನ್ ಮಾಡ್ಲಪ್ಪಾ? ಒಲೆಗಿಕ್ಕಿ ಆಲ್ ಕಾಯ್ಸ್ಲಾ?"

ಒಲೆಗೆ ಎಂದ ಕೂಡಲೇ ಚಂದ್ರಶೇಖರ್ ಎದೆ ಹಿಡಿದುಕೊಂಡ.

"ಒಳಗೆ ಬಂದಿದ್ದು ನಿಜ ತಾನೆ?" ಎಂದರು ಚಲಪತಿ.

"ನಿಜಾನೇ. ಆಲ್ ಮಡ್ಗಾಕ್ ಬಂದಿದ್ದೆ. ಆಯಮ್ಮನ್ನೇ ಕೇಳಿ, ಅಗೋ ಅಲ್ಲೇ ಅವ್ಳಲ್ಲ. ನೀನೇ ಯೇಳಮ್ಮಾ."

ಎಲ್ಲರೂ ತಿರುಗಿದರು. ಭಾರ್ಗವಿ ಪಕ್ಕದ ಮನೆಯ ಶ್ಯಾಮಲಳ ಹಿಂದೆ ನಿಂತಿದ್ದಳು. ಶ್ಯಾಮಲ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಅವಳನ್ನು ಬಯಲಿಗೆ ಬಿಟ್ಟಳು.

"ಬಂದಿದ್ದರು," ಎಂದಳು ಭಾರ್ಗವಿ. "ನಾನು ಸ್ನಾನಕ್ಕೆ ಹೋಗಿದ್ದೆ."

ಇನ್ನೊಂದು ವಾಕ್ಯ ಇತ್ತು. ಬಾತ್‌ರೂಮಿನಿಂದ ಕೂಗಿ, 'ಬಾಗಿಲು ತೆಗೆದೇ ಇದೆ, ಒಳಗೆ ಬಂದು ಅಡುಗೆಮನೆ ಕಟ್ಟೆ ಮೇಲೆ ಇಟ್ಟುಬಿಡಿ' ಎಂದವಳು ಅವಳೇ. ಬೇಡಮ್ಮಾ, ಆಮ್ಯಾಕ್ ಬತ್ತೀನಿ ಎಂದು ನಾರಾಯಣಮ್ಮ ಹಿಂಜರಿದಾಗ, ಅಯ್ಯೋ ಬನ್ನಿ, ನೀವೇನು ಹೊರಗಿನವರಾ ಎಂದವಳೂ ಅವಳೇ. ಆ ಮಾತು ನಾಲಿಗೆಯವರೆಗೆ ಬಂದು, ಅಲ್ಲಿ ಗಂಡನ ಕಟ್ಟಿದ ಕೈಗಳನ್ನು ನೋಡಿ, ವಾಪಸು ಹೋಯಿತು. ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಚಲಪತಿ, "ಸಾಕಮ್ಮ, ಅಷ್ಟೇ ಬೇಕಾಗಿದ್ದು," ಎಂದು ಹೇಳಿಯಾಗಿತ್ತು.

ನಾರಾಯಣಮ್ಮ ಭಾರ್ಗವಿಯನ್ನು ನೋಡಿದಳು. ಬೈಯಲಿಲ್ಲ. ಲೋಟವನ್ನು ಕ್ಯಾನಿನ ಮುಚ್ಚಳದೊಳಗೆ ಇಟ್ಟು ಮುಚ್ಚಿ, ಸೆರಗು ಬಿಗಿದು, ಮಗ ಬರುವವರೆಗೆ ರಸ್ತೆಯ ಕಡೆ ಮುಖ ಮಾಡಿಕೊಂಡು ನಿಂತಳು. ಅವನು ಬರುವುದು ತಡವಾಯಿತು. ಅಷ್ಟು ಹೊತ್ತೂ ಜನ ಚೆದುರಲಿಲ್ಲ. ಕಳ್ಳಿಯ ಬೆನ್ನು ನೋಡುವ ಅವಕಾಶ ದಿನಾ ಸಿಗುವುದಿಲ್ಲ.

ಅವತ್ತಿನಿಂದ ಕಾಲೋನಿಗೆ ಪ್ಯಾಕೆಟ್ ಹಾಲಿನ ವ್ಯಾನು ಬರಲಾರಂಭಿಸಿತು. ಕಾಫಿ ನೀರಾಯಿತು. ಸುರಕ್ಷತೆಗಾಗಿ ಎಲ್ಲರೂ ಸಹಿಸಿಕೊಂಡರು.

ಚಂದ್ರಶೇಖರ್ ಆ ವಾರ ಬಹಳ ಚೆನ್ನಾಗಿದ್ದ. ಪುಸ್ತಕ ಹೋದ ದುಃಖವಿತ್ತು, ಆದರೆ ಫ್ಯಾಕ್ಟರಿ ಬಸ್ಸಿನಲ್ಲಿ ಜನ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. "ಹೇಗೆ ಪತ್ತೆ ಹಚ್ಚಿದಿರಿ ಸಾರ್?" ಎಂದು ಕೇಳುತ್ತಿದ್ದರು. ಶನಿವಾರ ಬಂಗಾರಪೇಟೆಗೆ ಹೋಗುವುದನ್ನೂ ಬಿಟ್ಟ. ತಿಂಗಳಿಗೆ ಎರಡು ಮೂರು ಶನಿವಾರ ಅವನು ಅಲ್ಲಿನ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರ ಮನೆಗೆ ಕಾಮಿಕ್ಸ್ ತೋರಿಸಲು, ನೋಡಲು ಹೋಗುವುದಿತ್ತು. ಈ ಶನಿವಾರ ಸಂಘದ ಆಫೀಸಿನಲ್ಲಿ ಭದ್ರತೆಯ ಬಗ್ಗೆ ಮಾತಾಡಬೇಕಿತ್ತು.

ಆ ಸಂಜೆ ಭಾರ್ಗವಿ ಆಂಡರ್ಸನ್‌ಪೇಟೆಯ ಅಂಗಡಿ ಬೀದಿಯಲ್ಲಿ ನಾರಾಯಣಮ್ಮನನ್ನು ಕಂಡಳು. ಟೀ ಅಂಗಡಿಯವನಿಗೆ ಕ್ಯಾನು ಬಗ್ಗಿಸುತ್ತಿದ್ದಳು. ಅವನು ಒಂದೊಂದು ಸಲವೂ ಬೆರಳು ಅದ್ದಿ ನೆಕ್ಕಿ ನೋಡಿ, ನೀರು ಹಾಕಿದ್ದೀಯ ಎಂದು ಗೊಣಗುತ್ತಿದ್ದ. ಭಾರ್ಗವಿ ಸುತ್ತ ನೋಡಿ, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರ ಹೋದಳು.

"ನಾರಾಯಣಮ್ಮ, ಮನಸ್ಸಿಗೆ ಹಚ್ಚಿಕೋಬೇಡಿ. ನನಗೆ ಗೊತ್ತು, ನೀವು ಅಂಥವರಲ್ಲ."

"ಗೊತ್ತಾ?" ನಾರಾಯಣಮ್ಮ ಕ್ಯಾನಿನಿಂದ ಕಣ್ಣು ತೆಗೆಯಲಿಲ್ಲ. "ನಂಗೂ ಗೊತ್ತು. ನನ್ ಸೊಸೆ ತವ್ರೋರ್ಗೆ ಗೊತ್ತಿಲ್ಲ ನೋಡು, ಅವ್ರು ಫೋನ್ ಮಾಡವ್ರೆ. ಡೈರಿತಾವ ಓದ್ರೆ ಎಂಗಸ್ರು ಪರ್ಸು ಸೆರಗೊಳ್ಗೆ ಇಟ್ಕಂತಾರೆ. ಅವ್ರ್ಗೂ ಯೇಳ್ ಬಾ, ನಂಗ್ ಗೊತ್ತು ಅಂತ."

"ನಾನೇನು ಮಾಡಲಿ ಹೇಳಿ. ಮನೆಯವರು..."

"ಗೇಟ್ ಅತ್ರ ಅಷ್ಟ್ ಜನದ್ ಮುಂದೆ ಕಳ್ಳಿ ಅನ್ನಿಸ್ಬುಟ್ಟು, ಇಲ್ ಬಂದು ಕಿವ್ಯಾಗೆ ಸಮಾದಾನ ಯೇಳ್ತೀಯಾ? ನಿನ್ ಸಮಾದಾನ ತಗಂಡು ನಾನೇನ್ ಬೆಣ್ಣೆ ಕಡೀಲಾ? ಓಗಮ್ಮಾ, ನಿಂಗೆ ಒತ್ತಾಯ್ತದೆ."

ಭಾರ್ಗವಿ ಹೋದಳು. ತರಕಾರಿ ಮರೆತಳು.

ಮನೆಗೆ ಬಂದು ಟೀವಿಯ ಪಕ್ಕದ ಧೂಳು ಒರೆಸುವಾಗ ಸಾಕ್ಷ್ಯದ ಕವರು ಕೈಗೆ ಬಂತು. ಒರೆಸಿದಳು. ಪ್ಲಾಸ್ಟಿಕ್ಕಿನೊಳಗಿಂದ ಪೇಪರಿನ ತಲೆ ಕಾಣುತ್ತಿತ್ತು. ಅದು ಎರಡು ವಾರದ ಹಿಂದಿನ ಶನಿವಾರದ ಪೇಪರು. ಅವಳ ಗಂಡ ಅದಕ್ಕೆ ಭೂತಕನ್ನಡಿ ಹಿಡಿದಿದ್ದ, ಕವರು ಹಾಕಿದ್ದ, ಹೆಸರು ಬರೆದಿದ್ದ. ಓದುವುದೊಂದು ಬಿಟ್ಟುಹೋಗಿತ್ತು.

ಆ ಶನಿವಾರ ಅವನು ಬಂಗಾರಪೇಟೆಗೆ ಹೋಗಿದ್ದ, ಕೋಳದ ಸಂಚಿಕೆಯನ್ನು ಗಾರ್ಡಿಗೆ ತೋರಿಸಲು. ಓದಲು ಅವತ್ತಿನ ಪೇಪರನ್ನೂ ಒಯ್ದಿದ್ದ. ಸ್ಟೋರ್ಸಿನವನ ಕೈ ಅವನದು. ಕಾಮಿಕ್ಸಾಗಲಿ, ಪೇಪರಾಗಲಿ, ಲೈಟ್ ಬಿಲ್ಲಾಗಲಿ, ಒಂದೇ ಅಳತೆಗೆ ಮಡಚಿ ರಬ್ಬರ್ ಬ್ಯಾಂಡ್ ಹಾಕದೆ ಅವನಿಗೆ ಸಮಾಧಾನವಿಲ್ಲ. ಅಂದರೆ ಅವತ್ತು ಅವನ ಕೈಯಲ್ಲಿ ಒಂದೇ ಥರದ ಎರಡು ಸುರುಳಿ ಇದ್ದವು. ಮನೆಗೆ ಬಂದದ್ದು ಒಂದು.

"ರೀ, ಈ ಪೇಪರು ನೀವು ಬಂಗಾರಪೇಟೆಗೆ ತಗೊಂಡು ಹೋಗಿದ್ದಲ್ವಾ?"

"ಸಾಕ್ಷ್ಯ ಮುಟ್ಟಬೇಡ ಅಂತ ಹೇಳಿಲ್ವಾ?" ಎಂದ ಚಂದ್ರಶೇಖರ್. ಅವನು ಸಂಘದ ಭಾಷಣ ಮುಗಿಸಿ ಬಂದು ಉಪ್ಪಿಟ್ಟು ತಿನ್ನುತ್ತಿದ್ದ.

ಮುಂದಿನ ಶನಿವಾರ ಮಧ್ಯಾಹ್ನ ಭಾರ್ಗವಿ ಬ್ಲೌಸ್ ಹೊಲಿಯಲು ಕೊಡುವ ನೆಪ ಹೇಳಿ ಬಂಗಾರಪೇಟೆಗೆ ಹೊರಟಳು. ಟೈಲರಿಗೆ ಬಟ್ಟೆ ಕೊಟ್ಟಳು. ಗಾರ್ಡಿನ ಮನೆಗೆ ಹೋದಳು. ಅವರು, "ಪುಸ್ತಕ ತೋರಿಸಿ ವಾಪಸು ತಗೊಂಡೇ ಹೋದರಮ್ಮ, ನಾನೇ ಗೇಟಿನವರೆಗೆ ಬಂದಿದ್ದೆ," ಎಂದರು. ಹಾಗಾದರೆ ಉಳಿದದ್ದು ರೈಲು.

ಬೆಂಗಳೂರಿನಿಂದ ಮಾರಿಕುಪ್ಪಂಗೆ ಹೋಗುವ ಸಂಜೆಯ ಗಾಡಿ ಪ್ಲಾಟ್‌ಫಾರ್ಮಿಗೆ ಬರುವುದೇ ತಡ, ಅದು ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲ್ಲು, ಕರವಸ್ತ್ರ, ಟಿಫಿನ್ ಬ್ಯಾಗು ಹಾರತೊಡಗಿದವು. ಸೀಟು ಹಿಡಿಯುವ ಕ್ರಮ ಅದು. ನಿಮ್ಮದೇನೋ ಒಂದು ಸೀಟಿನ ಮೇಲೆ ಬಿದ್ದಿತೆಂದರೆ ಸೀಟು ನಿಮ್ಮದು, ಆಮೇಲೆ ನಿಧಾನವಾಗಿ ಹತ್ತಬಹುದು. ಬೇರೆ ಎಲ್ಲದಕ್ಕೂ ಜಗಳವಾಡುವ ಜನ ಈ ನಿಯಮವನ್ನು ಮಾತ್ರ ಮೀರುವುದಿಲ್ಲ. ಹೆಚ್ಚಿನವರು ಎಸೆಯುವುದು ಓದಿ ಮುಗಿದ ಪೇಪರು, ಯಾಕೆಂದರೆ ಹೋದರೂ ನಷ್ಟವಿಲ್ಲ.

ಭಾರ್ಗವಿ ಅದನ್ನು ನೋಡುತ್ತಾ ನಿಂತುಬಿಟ್ಟಳು. ಅವಳಿಗೆ ಸೀಟು ಸಿಗಲಿಲ್ಲ. ಬೇರೆಯದು ಸಿಕ್ಕಿತು.

ಬಾಗಿಲ ಬಳಿ ಬುಟ್ಟಿ ಇಟ್ಟುಕೊಂಡು ಬೇಯಿಸಿದ ಕಡಲೆಕಾಯಿ ಮಾರುವ ಸುಬ್ರಮಣಿ ಪೇಪರ್ ಹರಿದು ಪೊಟ್ಟಣ ಸುತ್ತುತ್ತಿದ್ದ. ನಂದಿದುರ್ಗ ಎಂಬ ಚಿನ್ನದ ಗಣಿಯ ಕಾರ್ಮಿಕರ ಲೈನಿನ ತಮಿಳಿನವನು, ಈ ಗಾಡಿಯಲ್ಲೇ ತಲೆ ನರೆತವನು.

"ಇಷ್ಟು ಪೇಪರ್ ಎಲ್ಲಿಂದ ತರ್ತೀರಿ?" ಎಂದು ಕೇಳಿದಳು.

"ತರೋದಾ? ಸೀಟ್ ಹಿಡಿಯೋಕೆ ಹಾಕ್ತಾರಲ್ಲಕ್ಕಾ, ಇಳಿಯೋವಾಗ ಅಲ್ಲೇ ಬಿಟ್ಟು ಪೋಯಿಡ್ತಾರೆ. ಗವರ್ಮೆಂಟ್ ಸಪ್ಲೈ ಮಾದಿರಿ."

"ಮೂರು ವಾರದ ಹಿಂದೆ, ಶನಿವಾರ, ರಬ್ಬರ್ ಬ್ಯಾಂಡ್ ಹಾಕಿದ್ದ..."

"ರಬ್ಬರ್‌ಬ್ಯಾಂಡ್ ಸಾರಾ!" ಸುಬ್ರಮಣಿಯ ಕೈ ನಿಂತಿತು. "ನೀವು ಸಾರ್ ಮನೆಯೋರಾ? ಅಯ್ಯೋ ಅಕ್ಕಾ, ಸಾರ್‌ನ ಹುಡುಕ್ತಾ ಇದೀನಿ. ಆಮೇಲೆ ಬರಲೇ ಇಲ್ಲ. ಅವತ್ತು ಪೇಪರ್ ಹಾಕಿ ಸೀಟ್ ಹಿಡಿದ್ರು. ಹತ್ತಿ ಬಂದ್ರೆ, ಯಾರೋ ಆಫೀಸರ್ ಆ ಕಡೆ ಡಬ್ಬಿಯಿಂದ ಕೂಗಿದ್ರು, 'ಇಲ್ಲಿ ವಿಂಡೋ ಇದೆ, ವಾಂಗೊ' ಅಂತ. ಆಫೀಸರ್ ಕೂಗಿದ್ರೆ ಸಾರ್ ನಿಲ್ತಾರಾ? ಓಡಿದ್ರು. ಪೊಟ್ಟಣಕ್ಕೆ ಅಂತ ಪೇಪರ್ ಬಿಚ್ಚಿದ್ರೆ ಒಳಗೆ ಬೊಂಬೆ ಪುಸ್ತಕ."

ಬುಟ್ಟಿಯ ತಳದ ಗೋಣಿ ಎತ್ತಿ ಪ್ಲಾಸ್ಟಿಕ್ ಚೀಲ ತೆಗೆದ. ಚೀಲದೊಳಗೆ ಕರಿಗರುಡ ಕೈಗೆ ಕೋಳ ಹಾಕಿಸಿಕೊಂಡು ನಿಂತಿದ್ದ. ಒಂದು ಮೂಲೆಗೆ ಕಡಲೆಕಾಯಿಯ ಉಪ್ಪುನೀರು ಇಳಿದಿತ್ತು.

"ಒಂದು ಪೇಜ್ ಕೂಡ ಹರಿದಿಲ್ಲಕ್ಕಾ. ಆ ಪೇಪರ್ ಥಿಕ್ಕು, ಪೊಟ್ಟಣಕ್ಕೆ ನಿಲ್ಲಲ್ಲ."

ಕೋರಮಂಡಲ ಸ್ಟೇಷನ್ನಿನವರೆಗೆ ಭಾರ್ಗವಿ ಬಾಗಿಲ ಪಕ್ಕದಲ್ಲಿ ನಿಂತುಕೊಂಡೇ ಅದನ್ನು ಓದಿದಳು. ಇಷ್ಟು ವರ್ಷ ಎಲೆ ಇಟ್ಟು ಸುತ್ತಿದ ಪುಸ್ತಕ, ಒಳಗೆ ನೋಡಿರಲಿಲ್ಲ. ಮೂರನೆಯ ಪುಟದಲ್ಲಿ ಮುತ್ತಿನ ಸರ ಹಾಕಿದ ಹೆಂಗಸೊಬ್ಬಳು ಬೆರಳು ತೋರಿಸಿ, 'ನಾನು ಅವನನ್ನು ಅಲ್ಲಿ ನೋಡಿದೆ!' ಎಂದು ಕೂಗುತ್ತಾಳೆ. ಅದೇ ಮಾತಿನಿಂದ ಇಡೀ ಊರು ಕಲ್ಲು ಎತ್ತುತ್ತದೆ. ಅವಳು ಸುಳ್ಳು ಹೇಳಿರಲಿಲ್ಲ. ಕರಿಗರುಡ ಅಲ್ಲಿದ್ದದ್ದು ನಿಜವೇ, ನವಿಲನ್ನು ಕಾಯಲು. ಮುಂದೆ ಅವನು ಛಾವಣಿಯಿಂದ ಛಾವಣಿಗೆ ಹಾರುತ್ತಾನೆ, ಗೂಂಡಾಗಳನ್ನು ಬಡಿಯುತ್ತಾನೆ, ಕೊನೆಗೆ ಮ್ಯೂಸಿಯಮ್ಮಿನ ಯಜಮಾನನೇ ನವಿಲನ್ನು ಬಚ್ಚಿಟ್ಟಿದ್ದನೆಂದು ತೋರಿಸಿ ತನ್ನ ಹೆಸರನ್ನು ತಾನೇ ತೊಳೆದುಕೊಳ್ಳುತ್ತಾನೆ. ಊರು ಮತ್ತೆ ಜೈಕಾರ ಹಾಕುತ್ತದೆ. ಮುತ್ತಿನ ಸರದವಳು ಮತ್ತೆ ಬರುವುದಿಲ್ಲ. ಭಾರ್ಗವಿ ಕೊನೆಯ ಪುಟದ ಗುಂಪಿನಲ್ಲೂ ಹುಡುಕಿದಳು. ಇರಲಿಲ್ಲ. ಮನೆಗೆ ಹೋಗಿ ಅಡುಗೆ ಮಾಡಿರಬೇಕು.

ತನ್ನ ಹೆಸರನ್ನು ತಾನೇ ತೊಳೆದುಕೊಳ್ಳುವುದಕ್ಕೆ ಕರಿಗರುಡನಿಗೆ ರೆಕ್ಕೆ ಇತ್ತು, ಮನೆಯಲ್ಲಿ ಹಸು ಇರಲಿಲ್ಲ. ನಾರಾಯಣಮ್ಮ ಛಾವಣಿ ಹಾರುತ್ತಾ ಕೂತರೆ ಹಾಲು ಕರೆಯುವವರು ಯಾರು?

ಮನೆಗೆ ಬಂದು ಪುಸ್ತಕವನ್ನು ಗಂಡನ ಮುಂದಿಟ್ಟಳು. ಚಂದ್ರಶೇಖರ್ ಅದನ್ನು ಎತ್ತಿ ಎದೆಗೆ ಒತ್ತಿಕೊಂಡ, ಮೂಸಿದ, ಮೂಲೆಯ ಕಲೆ ನೋಡಿ "ಅಯ್ಯೋ" ಎಂದ, ಪುಟ ಎಣಿಸಿದ. ಆಮೇಲೆ ಮುಖ ಅರಳಿತು.

"ಎಲ್ಲಿ ಸಿಕ್ಕಿತು?"

"ರೈಲಿನಲ್ಲಿ."

"ನೋಡಿದೆಯಾ! ಹೆದರಿಬಿಟ್ಟಳು. ಮನೆಯಲ್ಲಿಟ್ಟುಕೊಂಡರೆ ಸಿಕ್ಕಿಬೀಳ್ತೀನಿ ಅಂತ ರೈಲಿನಲ್ಲಿ ಬಿಟ್ಟುಹೋಗಿದ್ದಾಳೆ. ನಾನು ಅಂದುಕೊಂಡಿದ್ದೆ."

"ಬಿಟ್ಟುಬಂದವರು ನೀವು," ಎಂದಳು ಭಾರ್ಗವಿ. "ಅವತ್ತಿನ ಪೇಪರು ಅಂದುಕೊಂಡು ಇದನ್ನ ಎಸೆದು ಸೀಟು ಹಿಡಿದಿರಿ. ಆಮೇಲೆ ಆಫೀಸರು ಕರೆದರು ಅಂತ ಹೊರಟುಹೋದಿರಿ. ಕಡಲೆಕಾಯಿ ಸುಬ್ರಮಣಿ ಎತ್ತಿಟ್ಟಿದ್ದ. ನಾರಾಯಣಮ್ಮ ಒಳಗೆ ಬಂದಿದ್ದು ಅದಾಗಿ ನಾಲ್ಕು ದಿನದ ಮೇಲೆ."

ಟೀವಿಯ ಪಕ್ಕದ ಕವರಿನ ಕಡೆ ಅವನ ಕಣ್ಣು ಹೋಯಿತು. ಅವನಿಗೆ ಅರ್ಥವಾಗಿದ್ದನ್ನು ಭಾರ್ಗವಿ ಕಣ್ಣಾರೆ ಕಂಡಳು. ಕಿವಿಯ ತುದಿ ಕೆಂಪಾಯಿತು. ಎಷ್ಟೋ ವರ್ಷಗಳ ಹಿಂದೆ ಅವಳನ್ನು ನೋಡಲು ಚಿತ್ರದುರ್ಗಕ್ಕೆ ಬಂದಾಗಲೂ ಹೀಗೇ ಕೆಂಪಾಗಿತ್ತು. ಒಂದು ಗಳಿಗೆ ಅವಳಿಗೆ ಅವನ ಮೇಲೆ ಕರುಣೆಯೂ ಬಂತು. ಈಗ ಹೇಳುತ್ತಾನೆ ಎಂದುಕೊಂಡಳು.

"ಸರಿ ಬಿಡು," ಎಂದ ಅವನು. "ಸಿಕ್ಕಿತಲ್ಲ. ಇನ್ನು ಅದನ್ನೆಲ್ಲ ಕೆದಕೋದು ಬೇಡ."

"ಮತ್ತೆ ನಾರಾಯಣಮ್ಮ?"

"ನಾನೇನು ಅವಳ ಹೆಸರು ಬರೆದಿದ್ನಾ? ಗ್ರೂಪಿನಲ್ಲಿ ಹಾಕ್ತೀನಿ, ಪುಸ್ತಕ ಸಿಕ್ಕಿದೆ ಅಂತ. ಅಲ್ಲಿಗೆ ಮುಗೀತು. ಬೇಕಾದರೆ ದೀಪಾವಳಿಗೆ ಅವಳಿಗೊಂದು ಸೀರೆ ಕೊಟ್ಟುಬಿಡು."

ಅವನು ಬರೆದ. 'ಕಳುವಾಗಿದ್ದ ವಸ್ತು ಮರಳಿ ದೊರೆತಿದೆ. ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು.' ಭಾರ್ಗವಿ ಅಡುಗೆಮನೆಯಲ್ಲಿ ತನ್ನ ಫೋನಿನಲ್ಲಿ ನೋಡಿದಳು. ಹೂಗುಚ್ಛಗಳು, ಹೆಬ್ಬೆರಳುಗಳು ಸಾಲುಗಟ್ಟಿ ಬಂದವು. 'ಗ್ರೇಟ್ ಸಾರ್.' 'ನಮ್ಮ ಕಾಲೋನಿಯ ಪತ್ತೇದಾರ.' ಚಲಪತಿ, 'ಕೊನೆಗೂ ಹಿಂದಿರುಗಿಸಿದಳಾ? ಬುದ್ಧಿ ಬಂತಲ್ಲ' ಎಂದು ಬರೆದಿದ್ದರು. ಅದರ ಕೆಳಗೆ ಚಂದ್ರಶೇಖರ್ ಕೈಮುಗಿಯುವ ಚಿತ್ರ ಹಾಕಿದ್ದ. ಹೌದು ಎಂದಿರಲಿಲ್ಲ, ಅಲ್ಲ ಎಂದೂ ಇರಲಿಲ್ಲ. ಅವನು ಸುಳ್ಳು ಹೇಳುವ ಮನುಷ್ಯನಲ್ಲ.

ಆ ಮುಗಿದ ಕೈಗಳನ್ನು ಅವಳು ಬಹಳ ಹೊತ್ತು ನೋಡಿದಳು. ಇದನ್ನು ಅವಳು ಬಲ್ಲಳು. ಗೇಟಿನ ಹತ್ತಿರ ಅವಳು ಮಾಡಿದ್ದೂ ಇದನ್ನೇ.

ಫೋನು ಕೆಳಗಿಟ್ಟು ಹುಣಸೆಹಣ್ಣು ಕಿವುಚಿದಳು. ಬೇಳೆಕಟ್ಟಿಗೆ ಹುಳಿ ಬಿಟ್ಟಳು, ಉಪ್ಪು ಹಾಕಿದಳು. ಗ್ರೂಪಿನಲ್ಲಿ ಬರೆಯಬಹುದಿತ್ತು, ಆದರೆ ಅಲ್ಲಿ ಬರೆದದ್ದನ್ನು ಅವಳ ಫೋನಿನಿಂದಲೇ ಅಳಿಸಲು ಗಂಡನಿಗೆ ಬರುತ್ತಿತ್ತು. ಅದೂ ಅಲ್ಲದೆ, ನಾರಾಯಣಮ್ಮನನ್ನು ಕಳ್ಳಿ ಎಂದದ್ದು ಫೋನಿನಲ್ಲಲ್ಲ. ನಾಳೆ ಭಾನುವಾರ. ಪ್ಯಾಕೆಟ್ ವ್ಯಾನು ತಡವಾಗಿ ಬರುತ್ತದೆ, ಗಂಡಸರೂ ಚಪ್ಪಲಿ ಹಾಕಿಕೊಂಡು ಆಕಳಿಸುತ್ತಾ ಗೇಟಿಗೆ ಬರುತ್ತಾರೆ. ಚಲಪತಿ ಟ್ರ್ಯಾಕ್‌ಸೂಟಿನಲ್ಲಿ ಇರುತ್ತಾರೆ. ಶ್ಯಾಮಲ ಇರುತ್ತಾಳೆ, ಈ ಸಲ ಅವಳ ಹಿಂದೆ ನಿಲ್ಲುವುದು ಬೇಡ. ಅಲ್ಲಿಂದ ಹಾಗೇ ಕ್ಯಾಸಂಬಳ್ಳಿ ಬಸ್ಸು ಹಿಡಿಯಬಹುದು. ಡೈರಿಯ ಹೆಂಗಸರು ಇನ್ನೂ ಮನೆಗೆ ಹೋಗಿರುವುದಿಲ್ಲ.

ಮೊದಲ ಮಾತು ಯಾವುದು ಎಂದು ಯೋಚಿಸಿದಳು. 'ನಮ್ಮ ಮನೆಯವರು ಪುಸ್ತಕವನ್ನು ರೈಲಿನಲ್ಲಿ ಬಿಟ್ಟಿದ್ದರು' ಎಂದು ಶುರುಮಾಡುವುದು ಸುಲಭ. ಜನ ನಗುತ್ತಾರೆ, ಅರ್ಧ ಕೆಲಸ ಆಗಿಹೋಗುತ್ತದೆ. ಆದರೆ ಅದು ಅವನು ಹೇಳಬೇಕಾದ ಮಾತು. ಅದನ್ನು ಎರಡನೆಯದು ಮಾಡಿಕೊಂಡಳು. ಮೊದಲನೆಯದು, 'ಅವತ್ತು ನಾರಾಯಣಮ್ಮನನ್ನು ಒಳಗೆ ಕರೆದದ್ದು ನಾನು.' ತುಟಿ ಅಲುಗಿಸದೆ ಒಂದು ಸಲ ಹೇಳಿ ನೋಡಿದಳು. ಚಿಕ್ಕ ಮಾತು.

"ಏನೇ, ಒಳಗೆ ಸದ್ದೇ ಇಲ್ಲ?" ನಡುಮನೆಯಿಂದ ಚಂದ್ರಶೇಖರ್ ಕೂಗಿದ. "ಏನು ಯೋಚನೆ?"

"ಏನಿಲ್ಲ," ಎಂದಳು ಭಾರ್ಗವಿ. "ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಅಂತ ನೋಡ್ತಿದ್ದೆ."